ಭಾರತವೊಂದೇ ಒಪ್ಪಿದ ಒಪ್ಪಂದ

ಭಯೋತ್ಪಾದನೆಯ ವಿರುದ್ಧ ಜಗತ್ತೆಲ್ಲ ಒಂದಾಗಬೇಕು ಅನ್ನೋ ಮಾತು 2001ರ ಸೆಪ್ಟೆಂಬರ್ ನಂತರ ಹುಟ್ಟಿದ್ದು ಅಂತ ಬಹಳ ಜನ ತಿಳಿದಿದ್ದಾರೆ. 1937ರಲ್ಲೇ ಜಿನೀವಾದಲ್ಲಿ ಇದಕ್ಕೊಂದು ಒಪ್ಪಂದವಾಗಿತ್ತು. ಅದನ್ನು ಕೊನೆಗೆ ಅನುಮೋದಿಸಿದ್ದು ಒಂದೇ ದೇಶ.. ಭಾರತ! ಆಗಿನ್ನೂ ನಮಗೆ ಸ್ವಾತಂತ್ರ್ಯವೇ ಬಂದಿರಲಿಲ್ಲ ನೋಡಿ.

ಕತೆ ಶುರುವಾಗೋದು ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ. 1934ರ ಅಕ್ಟೋಬರ್ 9. ಯುಗೊಸ್ಲಾವಿಯಾದ ರಾಜ ಅಲೆಕ್ಸಾಂಡರ್ ಹಡಗಿನಿಂದಿಳಿದು ಕಾರಿನಲ್ಲಿ ಹೊರಟಿದ್ದ. ಪಕ್ಕದಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ಲೂಯಿ ಬಾರ್ತೂ. ಜನರ ನಡುವಿನಿಂದ ನುಗ್ಗಿದ ಒಬ್ಬ ಕಾರು ಹತ್ತಿ ಗುಂಡು ಹಾರಿಸಿದ. ರಾಜ ಸತ್ತ. ಬಾರ್ತೂ ಕೂಡ ಉಳಿಯಲಿಲ್ಲ (ಆತನಿಗೆ ತಗುಲಿದ್ದು ಗಲಿಬಿಲಿಯಲ್ಲಿ ಪೊಲೀಸರೇ ಹಾರಿಸಿದ ಗುಂಡು ಅಂತ ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು).

ಕೊಂದವನು ಬಲ್ಗೇರಿಯಾದವನು. ಸಂಚು ಕ್ರೊಯೇಷಿಯಾದ ಉಸ್ತಾಶಾ ಗುಂಪಿನದು. ಅದರ ಶಿಬಿರಗಳಿದ್ದದ್ದು ಹಂಗೇರಿ, ಇಟಲಿಗಳಲ್ಲಿ. ನಾಯಕ ಆಂಟೆ ಪಾವೆಲಿಚ್ ಮುಸೊಲಿನಿಯ ಆಶ್ರಯದಲ್ಲಿದ್ದ. ಅವನನ್ನು ಒಪ್ಪಿಸಿ ಅಂತ ಫ್ರಾನ್ಸ್ ಕೇಳಿದರೆ, ಇದು ರಾಜಕೀಯ ಅಪರಾಧ, ಒಪ್ಪಿಸೋಕಾಗಲ್ಲ ಅಂದುಬಿಟ್ಟಿತು ಟ್ಯೂರಿನ್ ಕೋರ್ಟು. ಈ ರಾಗ ನಮಗೂ ಪರಿಚಯದ್ದೇ ಅಲ್ವಾ?

ಯುಗೊಸ್ಲಾವಿಯಾ ಲೀಗ್ ಆಫ್ ನೇಷನ್ಸ್‌ಗೆ ದೂರು ಕೊಟ್ಟಿತು. ದೂರು ಹಂಗೇರಿಯ ಮೇಲೆ ಮಾತ್ರ! ಹಿಟ್ಲರನೆದುರು ಮುಸೊಲಿನಿ ತಮ್ಮ ಜತೆಗಿರಲಿ ಅನ್ನೋ ಲೆಕ್ಕ ಫ್ರಾನ್ಸ್, ಬ್ರಿಟನ್‌ಗಳದು. ಹಾಗಾಗಿ ಇಟಲಿಯ ಹೆಸರನ್ನು ಯಾರೂ ಗಟ್ಟಿಯಾಗಿ ಎತ್ತಲಿಲ್ಲ. ಯಾವ ದೇಶವೂ ತನ್ನ ನೆಲದಲ್ಲಿ ಇಂಥದ್ದಕ್ಕೆ ಜಾಗ ಕೊಡಬಾರದು ಅಂತ ಲೀಗ್ ಡಿಸೆಂಬರಿನಲ್ಲಿ ನಿರ್ಣಯ ಮಾಡಿತು. ಮುಂದೆ 1937ರ ನವೆಂಬರ್ 16ರಂದು ಒಪ್ಪಂದ ಸಿದ್ಧವಾಯಿತು, ಅದಕ್ಕೆ ಒಟ್ಟು 24 ದೇಶಗಳು ಸಹಿ ಹಾಕಿದವು.

ಬ್ರಿಟನ್ ಸಹಿ ಹಾಕಲಿಲ್ಲ. ತನ್ನ ಮನೆಯ ಕಾನೂನು ಬದಲಿಸೋಕೆ ಅದಕ್ಕೆ ಮನಸ್ಸಿರಲಿಲ್ಲ. ಆದರೆ ಅದರ ಕೈಕೆಳಗಿನ ದೆಹಲಿ ಸರ್ಕಾರ ಸಹಿಯನ್ನೂ ಹಾಕಿ, 1941ರ ಜನವರಿ 1ರಂದು ಅನುಮೋದನೆಯನ್ನೂ ಕೊಟ್ಟಿತು. ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ಆ ಸರ್ಕಾರದ ಕಡತಗಳಲ್ಲಿ 'ಟೆರರಿಸ್ಟ್' ಅಂದರೆ ಬಂಗಾಳದ ನಮ್ಮ ಕ್ರಾಂತಿಕಾರಿಗಳು!

ಒಪ್ಪಂದ ಜಾರಿಗೆ ಬರಲೇ ಇಲ್ಲ. ಅದೇ 1941ರ ಏಪ್ರಿಲಿನಲ್ಲಿ ಹಿಟ್ಲರ್, ಮುಸೊಲಿನಿ ಸೇರಿ ಯುಗೊಸ್ಲಾವಿಯಾವನ್ನು ಒಡೆದರು. ಕ್ರೊಯೇಷಿಯಾದ ಗದ್ದುಗೆಯ ಮೇಲೆ ಕೂತವನು ಯಾರು ಗೊತ್ತಾ? ಟ್ಯೂರಿನ್ ಕೋರ್ಟು ಒಪ್ಪಿಸದೆ ಉಳಿಸಿದ್ದ ಅದೇ ಪಾವೆಲಿಚ್. ಅವನ ಆಡಳಿತದಲ್ಲಿ ಸತ್ತ ಸರ್ಬರು, ಯಹೂದಿಗಳು, ರೋಮಾ ಜನರ ಲೆಕ್ಕ ಲಕ್ಷಗಳಲ್ಲಿದೆ.

ಅಂದ ಹಾಗೆ, 1996ರಲ್ಲಿ ಭಾರತ ವಿಶ್ವಸಂಸ್ಥೆಯ ಮುಂದಿಟ್ಟ ಸಮಗ್ರ ಒಪ್ಪಂದದ ಕರಡು ಇನ್ನೂ ಚರ್ಚೆಯಲ್ಲೇ ಇದೆ. ಸ್ವಾತಂತ್ರ್ಯಕ್ಕಾಗಿ ಆಯುಧ ಹಿಡಿದವರನ್ನು ಭಯೋತ್ಪಾದಕರು ಅನ್ನಬಹುದಾ ಅನ್ನೋದು ಅಲ್ಲಿನ ಮುಖ್ಯ ಜಗಳಗಳಲ್ಲೊಂದು.