ಲಾರಿಯ ಮ್ಯೂಸಿಕ್ ಸಿಸ್ಟಂ ಬದಲಿಸುವ ಮುನ್ನ: ಸ್ಪೀಕರ್‌ಗಿಂತ ಮೊದಲು ವೋಲ್ಟೇಜ್, ವಯರ್, ಫ್ಯೂಸ್

ಮಂಗಳೂರು, ಮಂಜೇಶ್ವರ, ಕಾಸರಗೋಡು ಭಾಗದ ನೂರಾರು ಯುವಕರಿಗೆ ಲಾರಿ ಮತ್ತು ಪಿಕಪ್ ಅನ್ನದ ದಾರಿ. ಮೀನು, ಅಡಿಕೆ, ಮರ, ಸಿಮೆಂಟ್ ಹೇರಿಕೊಂಡು ದಿನಗಟ್ಟಲೆ ರಸ್ತೆಯಲ್ಲಿರುವ ಚಾಲಕನಿಗೆ ಕ್ಯಾಬಿನ್ನೇ ಕಚೇರಿ, ಅದೇ ಮಲಗುವ ಕೋಣೆ. ಅಲ್ಲಿ ಸ್ಪಷ್ಟವಾಗಿ ಕೇಳುವ ಒಂದು ಸೆಟ್ ಇರಬೇಕೆಂದು ಬಯಸುವುದು ತಪ್ಪಲ್ಲ. ಆದರೆ ಹೆಚ್ಚಿನವರು ಸ್ಪೀಕರ್ ಪೆಟ್ಟಿಗೆ ಮೇಲಿನ ವ್ಯಾಟ್ ನೋಡಿ ಖರೀದಿ ಶುರು ಮಾಡುತ್ತಾರೆ. ಕೆಲಸ ಶುರುವಾಗಬೇಕಾದದ್ದು ಬ್ಯಾಟರಿಯಿಂದ. ಅಲ್ಲಿ ಎಡವಿದರೆ ಸೆಟ್ ಸುಡುವುದು ಮಾತ್ರವಲ್ಲ, ಚಾಲಕ ಮಲಗಿರುವ ಕ್ಯಾಬಿನ್‌ಗೇ ಬೆಂಕಿ ತಗಲಬಹುದು.

12 ವೋಲ್ಟೋ, 24 ವೋಲ್ಟೋ?

ಸಣ್ಣ ಪಿಕಪ್ ಗಾಡಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ. ದೊಡ್ಡ ಲಾರಿಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಅಂಗಡಿಯಲ್ಲಿ ಸಿಗುವ, ಅಥವಾ ಗಲ್ಫ್‌ನಿಂದ ಬಂದವರು ತಂದುಕೊಡುವ ಕಾರ್ ಸ್ಟೀರಿಯೋ ಮತ್ತು ಆಂಪ್ಲಿಫಯರ್‌ಗಳು ಬಹುತೇಕ 12 ವೋಲ್ಟ್‌ನವು. ಅವನ್ನು ನೇರವಾಗಿ 24 ವೋಲ್ಟ್‌ಗೆ ಕೊಟ್ಟರೆ ಸುಟ್ಟು ಹೋಗುತ್ತವೆ.

ಇದಕ್ಕೆ ಕೆಲವರು ಕಂಡುಕೊಂಡ ಸುಲಭದ ದಾರಿ, ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವುದು. ಸೆಟ್ ಹಾಡುತ್ತದೆ, ನಿಜ. ಆದರೆ ಆ ಒಂದು ಬ್ಯಾಟರಿ ಹೆಚ್ಚು ಖಾಲಿಯಾಗುತ್ತದೆ. ಆಲ್ಟರ್ನೇಟರ್ ಎರಡಕ್ಕೂ ಒಂದೇ ಕರೆಂಟ್ ಕೊಡುವುದರಿಂದ ಒಂದು ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದೇ ಇಲ್ಲ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ. ಕೊನೆಗೆ ಎರಡೂ ಬೇಗ ಹಾಳು. ಸರಿಯಾದ ದಾರಿ 24ರಿಂದ 12 ವೋಲ್ಟ್‌ಗೆ ಇಳಿಸುವ ಕನ್ವರ್ಟರ್. ಬರೀ ಸ್ಟೀರಿಯೋ ಆದರೆ 10ರಿಂದ 15 ಆಂಪಿಯರ್‌ನದ್ದು ಸಾಕು. ಆಂಪ್ಲಿಫಯರ್ ಇದ್ದರೆ 30 ಆಂಪಿಯರ್ ಅಥವಾ ಹೆಚ್ಚಿನದ್ದು ಬೇಕಾಗಬಹುದು. ಕನ್ವರ್ಟರ್ ಅನ್ನು ಸೆಟ್ಟಿನ ಹತ್ತಿರ ಇಟ್ಟರೆ ಉದ್ದದ ವಯರ್‌ನಲ್ಲಿ 24 ವೋಲ್ಟ್ ಹರಿಯುತ್ತದೆ, ಕರೆಂಟ್ ಸುಮಾರು ಅರ್ಧದಷ್ಟೇ ಸಾಕಾಗುತ್ತದೆ.

ವ್ಯಾಟ್ ಲೆಕ್ಕದ ಮೋಸ

ಸ್ಟೀರಿಯೋ ಪೆಟ್ಟಿಗೆ ಮೇಲೆ "50 ವ್ಯಾಟ್ X 4" ಎಂದಿರುತ್ತದೆ. ಅದರ ಹಿಂದಿನ ಫ್ಯೂಸ್ ನೋಡಿದರೆ 10 ಆಂಪಿಯರ್. 14 ವೋಲ್ಟ್‌ನಿಂದ ಗುಣಿಸಿದರೆ ಒಳಗೆ ಹೋಗುವುದೇ 140 ವ್ಯಾಟ್. ಹೊರಗೆ 200 ವ್ಯಾಟ್ ಬರುವುದು ಹೇಗೆ? ಪೆಟ್ಟಿಗೆಯ ಮೇಲಿನದ್ದು ಕ್ಷಣಮಾತ್ರದ ಪೀಕ್ ಲೆಕ್ಕ. ನೋಡಬೇಕಾದದ್ದು ಆರ್‌ಎಂಎಸ್ ಎಂಬ ನಿರಂತರ ಸಾಮರ್ಥ್ಯ. ಇಂತಹ ಸ್ಟೀರಿಯೋಗಳಲ್ಲಿ ಅದು ಒಂದು ಚಾನೆಲ್‌ಗೆ ಸುಮಾರು 15ರಿಂದ 22 ವ್ಯಾಟ್ ಮಾತ್ರ.

ಸ್ಪೀಕರ್ ಆರಿಸುವಾಗ ಸೆನ್ಸಿಟಿವಿಟಿ ಕೇಳಿ ನೋಡುವುದು ಒಳ್ಳೆಯದು. 89 ಡೆಸಿಬೆಲ್‌ನ ಸ್ಪೀಕರ್ ಕೊಡುವಷ್ಟೇ ಸದ್ದನ್ನು 92 ಡೆಸಿಬೆಲ್‌ನದ್ದು ಅರ್ಧ ವಿದ್ಯುತ್‌ನಲ್ಲಿ ಕೊಡುತ್ತದೆ. ಹೀಗಾಗಿ ಕಂಪೆನಿಯ ಹಳೇ ಸ್ಪೀಕರ್ ತೆಗೆದು ಒಳ್ಳೆಯ ಜೋಡಿ ಹಾಕಿದರೆ ಎಷ್ಟೋ ಜನರಿಗೆ ಆಂಪ್ಲಿಫಯರೇ ಬೇಡ. ಟ್ವೀಟರ್ ಮಧ್ಯದಲ್ಲೇ ಇರುವ ಕೋಆಕ್ಸಿಯಲ್ ಸ್ಪೀಕರ್ ಕೂರಿಸುವುದು ಸುಲಭ. ಟ್ವೀಟರ್ ಬೇರೆಯಾಗಿರುವ ಕಾಂಪೊನೆಂಟ್ ಸೆಟ್‌ನಲ್ಲಿ ಸ್ವರ ಹೆಚ್ಚು ಸ್ಪಷ್ಟ, ಆದರೆ ಜಾಗ ಮತ್ತು ಕೆಲಸ ಎರಡೂ ಜಾಸ್ತಿ. ಮಳೆಗಾಲದಲ್ಲಿ ಬಾಗಿಲಿನೊಳಗೆ ನೀರು ಇಳಿಯುವ ಕರಾವಳಿಯಲ್ಲಿ ಕಾಗದದ ಕೋನ್‌ಗಿಂತ ಪಾಲಿಪ್ರೊಪಿಲೀನ್ ಕೋನ್ ಬಾಳಿಕೆ ಬರುತ್ತದೆ. ಮೀನಿನ ಲಾರಿಗಂತೂ ಉಪ್ಪುನೀರಿನ ಕಾಟ ಇದ್ದದ್ದೇ.

ಒಂದೇ ಚಾನೆಲ್‌ಗೆ ಎರಡು 4 ಓಮ್ ಸ್ಪೀಕರ್‌ಗಳನ್ನು ಪ್ಯಾರಲಲ್ ಆಗಿ ಕೊಟ್ಟರೆ 2 ಓಮ್ ಆಗುತ್ತದೆ. ಸಾಮಾನ್ಯ ಸ್ಟೀರಿಯೋ ಅದನ್ನು ತಡೆಯುವುದಿಲ್ಲ, ಬಿಸಿಯಾಗಿ ಕೆಡುತ್ತದೆ.

ವಯರಿಂಗ್: ಜೀವ ಉಳಿಸುವ ಭಾಗ

ಹೊರಗಿನಿಂದ ಕೊಳ್ಳುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ವಯರ್ ನೇರ ಬ್ಯಾಟರಿಗೆ, ಕೆಂಪು ಕೀ ಸ್ವಿಚ್‌ಗೆ, ಕಪ್ಪು ಅರ್ತ್‌ಗೆ. ಬಿಳಿ ಮತ್ತು ಬೂದು ಮುಂದಿನ ಎಡ, ಬಲ ಸ್ಪೀಕರ್‌ಗೆ. ಹಸಿರು ಮತ್ತು ನೇರಳೆ ಹಿಂದಿನವಕ್ಕೆ. ಗೆರೆ ಇರುವ ವಯರ್ ಮೈನಸ್. ಒಂದು ಸ್ಪೀಕರ್‌ಗೆ ಪ್ಲಸ್, ಮೈನಸ್ ಅದಲುಬದಲಾದರೂ ಬೇಸ್ ಮಾಯವಾಗುತ್ತದೆ.

ಬ್ಯಾಟರಿಯಿಂದ ಬರುವ ವಯರ್‌ಗೆ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಅದು ಸೆಟ್ ಉಳಿಸಲು ಅಲ್ಲ, ವಯರ್ ಉಳಿಸಲು. ಕುಲುಕಾಟದಲ್ಲಿ ವಯರ್‌ನ ಹೊದಿಕೆ ಸವೆದು ಚಾಸಿಗೆ ತಗುಲಿದಾಗ ಫ್ಯೂಸ್ ಇಲ್ಲದಿದ್ದರೆ ಬ್ಯಾಟರಿಯ ಪೂರ್ತಿ ಶಕ್ತಿ ಅಲ್ಲೇ ಹರಿದು ವಯರ್ ಹೊತ್ತಿಕೊಳ್ಳುತ್ತದೆ. 4 ಚದರ ಮಿಲಿಮೀಟರ್ ತಾಮ್ರದ ವಯರ್‌ಗೆ 20 ಆಂಪಿಯರ್, 6 ಚದರ ಮಿಲಿಮೀಟರ್‌ಗೆ 30 ಆಂಪಿಯರ್ ಫ್ಯೂಸ್ ಸುರಕ್ಷಿತ ಲೆಕ್ಕ. ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು ದೊಡ್ಡದು ಹಾಕುವುದು, ಬೆಳ್ಳಿ ಕಾಗದ ಸುತ್ತುವುದು ಬೆಂಕಿಗೆ ಆಹ್ವಾನ. ಅಗ್ಗಕ್ಕೆ ಸಿಗುವ, ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ವಯರ್ ಅಷ್ಟೇ ದಪ್ಪದ ತಾಮ್ರದಷ್ಟು ಕರೆಂಟ್ ತಡೆಯುವುದಿಲ್ಲ.

ತಗಡಿನ ತೂತಿನಲ್ಲಿ ವಯರ್ ಹಾಯುವಲ್ಲೆಲ್ಲ ರಬ್ಬರ್ ಬುಷ್ ಹಾಕಬೇಕು. ಅರ್ತ್ ಕೊಡುವ ಜಾಗದಲ್ಲಿ ಪೈಂಟ್ ಕೆರೆದು, ಬೋಲ್ಟ್ ಬಿಗಿದು, ತುಕ್ಕು ಹಿಡಿಯದಂತೆ ಗ್ರೀಸ್ ಹಚ್ಚಬೇಕು. ಸಿಗ್ನಲ್ ಕೇಬಲ್ ಮತ್ತು ಪವರ್ ಕೇಬಲ್ ಬೇರೆ ಬೇರೆ ಬದಿಯಲ್ಲಿ ಎಳೆದರೆ ಎಂಜಿನ್ ಜೊತೆ ಏರುವ "ಕುಂಯ್" ಸದ್ದು ಬರುವುದು ಕಡಿಮೆ.

ಎಷ್ಟು ಸದ್ದು ಸಾಕು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ಬರೀ 4 ಗಂಟೆ. ದಿನವಿಡೀ ಎಂಜಿನ್ ಸದ್ದಿನಲ್ಲೇ ಇರುವ ಚಾಲಕನ ಕಿವಿಗೆ ಇದು ಇನ್ನೂ ಮುಖ್ಯ. ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಗಾಜು ಮುಚ್ಚಿದ ಕ್ಯಾಬಿನ್‌ನಲ್ಲಿ ಕಡಿಮೆ ವಾಲ್ಯೂಮ್ ಸಾಕು. ಜೋರಾಗಿಟ್ಟರೆ ಹಿಂದಿನ ಆಂಬುಲೆನ್ಸ್ ಕೇಳಿಸುವುದೇ ಇಲ್ಲ.

ಗಡಿ ದಾಟುವವರು ಕಾನೂನನ್ನೂ ನೆನಪಿಡಬೇಕು. 2022ರ ಅಕ್ಟೋಬರ್‌ನಲ್ಲಿ ಪಾಲಕ್ಕಾಡ್ ಜಿಲ್ಲೆಯ ವಡಕ್ಕೆಂಚೇರಿ ಬಸ್ ಅಪಘಾತದ ನಂತರ ಕೇರಳದಲ್ಲಿ ಅಬ್ಬರದ ಲೈಟ್, ಸೌಂಡ್ ಹಾಕಿದ ಬಸ್‌ಗಳ ಮೇಲೆ ಹೈಕೋರ್ಟ್ ಕಟ್ಟುನಿಟ್ಟಿನ ಕ್ರಮಕ್ಕೆ ಸೂಚಿಸಿತ್ತು. ಮೋಟಾರು ವಾಹನ ಕಾಯ್ದೆಯಲ್ಲಿ ನಿಯಮಕ್ಕೆ ವಿರುದ್ಧವಾದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡಕ್ಕೆ ಅವಕಾಶವಿದೆ. ಕ್ಯಾಬಿನ್‌ನೊಳಗಿನ ಸೆಟ್ ಕ್ಯಾಬಿನ್‌ನೊಳಗೇ ಕೇಳಿದರೆ ಚೆಂದ. ಬೆಲೆಬಾಳುವ ಸೆಟ್ ಹಾಕಿಸಿದವರು ವಿಮಾ ಕಂಪೆನಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು, ಗಾಡಿಯ ವಾರಂಟಿ ಷರತ್ತನ್ನೂ ಓದಿಕೊಳ್ಳಬೇಕು.

ಹಣ ಕಡಿಮೆ ಇದ್ದರೆ ಈ ಕ್ರಮ ಸಾಕು: ಮೊದಲು ಕನ್ವರ್ಟರ್, ವಯರ್, ಫ್ಯೂಸ್, ನಂತರ ಮುಂದಿನ ಎರಡು ಸ್ಪೀಕರ್, ಆಮೇಲೆ ಸ್ಟೀರಿಯೋ. ಆಂಪ್ಲಿಫಯರ್, ವೂಫರ್ ಕೊನೆಗೆ. ಗಾಡಿ ನಿಲ್ಲಿಸಿ ರಾತ್ರಿಯಿಡೀ ಹಾಡು ಹಾಕಿದರೆ ಬೆಳಗ್ಗೆ ಎಂಜಿನ್ ಸ್ಟಾರ್ಟ್ ಆಗದೆ ಲೋಡ್ ತಡವಾಗುವ ಸಾಧ್ಯತೆಯೂ ಲೆಕ್ಕದಲ್ಲಿರಲಿ.