ಸೇನಾವೈದ್ಯ ಡಾ. ಆಶ್‌ಬೆಲ್ ಸ್ಮಿತ್

ಸೈಪ್ರೆಸ್ಸಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ 290ನೆಯ ಹೆದ್ದಾರಿ ಚಿರಪರಿಚಿತ. ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿ ಓದುವ ಮಕ್ಕಳನ್ನು ಬಿಟ್ಟುಬರಲು, ಹಬ್ಬಕ್ಕೆ ಕರೆತರಲು ನಾವು ಈ ದಾರಿಯನ್ನೇ ಹಿಡಿಯುತ್ತೇವೆ. ವಾಲರ್ ದಾಟಿದ ಮೇಲೆ ಪ್ರೈರಿ ವ್ಯೂ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿಯ ಕರಿಯರ ವಿದ್ಯಾಸಂಸ್ಥೆಯ ಹುಟ್ಟಿಗೂ ಆಸ್ಟಿನ್ನಿನ ವಿಶ್ವವಿದ್ಯಾಲಯದ ಹುಟ್ಟಿಗೂ ಕೈಜೋಡಿಸಿದ ಒಬ್ಬ ವೈದ್ಯನಿದ್ದಾನೆ. ಟೆಕ್ಸಸ್ಸಿನ ವೈದ್ಯಶಾಸ್ತ್ರದ ಪಿತಾಮಹನೆಂದು ಇಲ್ಲಿಯವರು ಕರೆಯುವ ಆಶ್‌ಬೆಲ್ ಸ್ಮಿತ್ ಆತನೇ.

ನಮ್ಮಂತೆ ಆತನೂ ಹೊರಗಿನಿಂದ ಬಂದವನು. 1805ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ಹುಟ್ಟಿ, ಯೇಲ್‌ನಲ್ಲಿ ವೈದ್ಯಪದವಿ ಪಡೆದು, ಹೆಚ್ಚಿನ ಅಭ್ಯಾಸಕ್ಕೆಂದು ಪ್ಯಾರಿಸ್ಸಿಗೆ ಹೋದನು. 1832ರಲ್ಲಿ ಆ ನಗರವನ್ನು ಕಾಲರಾ ಹೊಕ್ಕಾಗ ಊರು ಬಿಡದೆ ರೋಗಿಗಳ ನಡುವೆ ದುಡಿದು, ಕಂಡುದನ್ನು ಬರೆದು ಪ್ರಕಟಿಸಿದನು. 1837ರಲ್ಲಿ ಟೆಕ್ಸಸ್ಸಿಗೆ ಬಂದಾಗ ಇದು ಇನ್ನೂ ಎಳೆಯ ಸ್ವತಂತ್ರ ಗಣರಾಜ್ಯ. ಹ್ಯೂಸ್ಟನ್ ಅದರ ಕೆಸರುಗಟ್ಟಿದ ರಾಜಧಾನಿ. ಅಧ್ಯಕ್ಷ ಸ್ಯಾಮ್ ಹ್ಯೂಸ್ಟನ್ ಈ ತರುಣನನ್ನು ಸೇನೆಯ ಮುಖ್ಯ ವೈದ್ಯಾಧಿಕಾರಿಯನ್ನಾಗಿ ನೇಮಿಸಿದ್ದಲ್ಲದೆ ತನ್ನ ಮನೆಯಲ್ಲೇ ಇರಿಸಿಕೊಂಡನು. ಹ್ಯೂಸ್ಟನ್ ನಗರದ ಮೊದಲ ಆಸ್ಪತ್ರೆ ಒಂದು ಸೈನಿಕ ಆಸ್ಪತ್ರೆ. ಅದು ನಿಂತದ್ದು ಸ್ಮಿತ್‌ನ ನೆರವಿನಿಂದ. ಇಂದಿನ ಬೃಹತ್ ಮೆಡಿಕಲ್ ಸೆಂಟರಿನಲ್ಲಿ ದುಡಿಯುವ ನಮ್ಮ ವೈದ್ಯಬಂಧುಗಳು ಇದನ್ನು ಅರಿತಿದ್ದರೆ ಚೆನ್ನ.

ಆದರೆ ಆತನ ನಿಜವಾದ ಪರೀಕ್ಷೆ ನಡೆದದ್ದು 1839ರಲ್ಲಿ, ಗ್ಯಾಲ್ವೆಸ್ಟನ್ನಿನಲ್ಲಿ. ಹಳದಿ ಜ್ವರ ದ್ವೀಪವನ್ನು ಆವರಿಸಿತು. ಮೈ ಹಳದಿಯಾಗಿ, ಕಪ್ಪು ವಾಂತಿಯಾದರೆ ಬದುಕುವ ಆಸೆ ಕಡಿಮೆ. ಮುಟ್ಟಿದರೆ ಅಂಟುವುದೆಂಬ ಭಯದಲ್ಲಿ ರೋಗಿಯ ಬಳಿ ಸುಳಿಯಲೂ ಜನ ಅಂಜುತ್ತಿದ್ದರು. ಸ್ಮಿತ್ ಮನೆಮನೆಗೆ ಹೋದನು, ಸತ್ತವರ ಶವಪರೀಕ್ಷೆ ಮಾಡಿದನು, ರೋಗದ ಬಗೆಗೆ ಟೆಕ್ಸಸ್ಸಿನ ಮೊದಲ ಪ್ರಬಂಧವನ್ನು ಬರೆದನು. ಸ್ಪರ್ಶದಿಂದ ರೋಗ ಹರಡದೆಂದು ತೋರಿಸಲು ರೋಗಿಗಳ ಕಪ್ಪು ವಾಂತಿಯನ್ನು ಹಲವು ಬಾರಿ ತಾನೇ ನಾಲಗೆಗೆ ಹಚ್ಚಿಕೊಂಡನು. ಓದುವಾಗಲೇ ಹೊಟ್ಟೆ ತೊಳಸುತ್ತದೆ. ಆದರೆ ಆ ಕಾಲದಲ್ಲಿ ಆತನ ಬಳಿ ಇದ್ದ ಪ್ರಯೋಗಶಾಲೆ ತನ್ನ ದೇಹವೊಂದೇ.

ಆತನ ಮಾತು ಅರ್ಧ ಸತ್ಯವಾಗಿತ್ತು. ರೋಗಿಯನ್ನು ಮುಟ್ಟಿದರೆ ಹಳದಿ ಜ್ವರ ಬಾರದು, ನಿಜ. ಅದನ್ನು ಒಯ್ಯುವುದು ಸೊಳ್ಳೆ. ಹವಾನಾದ ಕಾರ್ಲೋಸ್ ಫಿನ್ಲೆ ಹಾಗೆಂದು ಸೂಚಿಸಿದ್ದು 1881ರಲ್ಲಿ, ಅಮೆರಿಕದ ಸೇನಾವೈದ್ಯ ವಾಲ್ಟರ್ ರೀಡ್‌ನ ತಂಡ ಸಾಬೀತುಪಡಿಸಿದ್ದು 1900ರಲ್ಲಿ. ನಮ್ಮೂರಿನ ನೆನಪೊಂದು ಇಲ್ಲಿ ಬರುತ್ತದೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೆಚ್ಚಿದಾಗ, ನೀರು ನಿಂತ ಪೀಪಾಯಿಯಲ್ಲಿ ಅವು ಮರಿಮಾಡುವುದನ್ನು ಗಮನಿಸಿದನು. ಮಲೇರಿಯಾದ ಗುಟ್ಟನ್ನು ಬಿಡಿಸಿ ಮುಂದೆ ನೊಬೆಲ್ ಪಡೆದವನು ಅವನೇ. ಸ್ಮಿತ್‌ನ ಕಣ್ತಪ್ಪಿದ ಆ ಜಾತಿಯ ಸೊಳ್ಳೆಯೇ ಇಂದು ಬೆಂಗಳೂರಿನ ನಮ್ಮ ಮನೆಗಳಿಗೆ ಡೆಂಗಿಯನ್ನು ತರುತ್ತಿದೆ.

ಮುಂದೆ ಸ್ಮಿತ್ ಇಂಗ್ಲೆಂಡ್ ಮತ್ತು ಫ್ರಾನ್ಸಿನಲ್ಲಿ ಟೆಕ್ಸಸ್ಸಿನ ಪ್ರತಿನಿಧಿಯಾದನು, ಗಣರಾಜ್ಯದ ವಿದೇಶಾಂಗ ಕಾರ್ಯದರ್ಶಿಯಾದನು, ರಾಜ್ಯದ ಶಾಸನಸಭೆಯಲ್ಲಿ ಮೂರು ಬಾರಿ ಕುಳಿತನು.

ಈತನನ್ನು ಕೊಂಡಾಡಿ ಸುಮ್ಮನಾಗುವಂತಿಲ್ಲ. ಇಂದಿನ ಬೇಟೌನ್ ಬಳಿಯ ಆತನ ಎವರ್‌ಗ್ರೀನ್ ತೋಟದಲ್ಲಿ ದುಡಿದವರು ಗುಲಾಮರು. ಬಡವನ ವಾಂತಿಗೂ ಹೇಸದ ವೈದ್ಯ ಮನುಷ್ಯರನ್ನು ಆಸ್ತಿಯೆಂದು ಎಣಿಸಿದನು. ಅಂತರ್ಯುದ್ಧ ಬಂದಾಗ ಐವತ್ತೈದು ದಾಟಿದ್ದರೂ ವೈದ್ಯನಾಗಿ ಅಲ್ಲ, ಯೋಧನಾಗಿ ದಕ್ಷಿಣದ ಪಕ್ಷ ಸೇರಿ, 1862ರಲ್ಲಿ ಶೈಲೋ ಕದನದಲ್ಲಿ ಗಾಯಗೊಂಡು, ಬಳಿಕ ವಿಕ್ಸ್‌ಬರ್ಗ್‌ನಲ್ಲಿ ಹೋರಾಡಿದನು. ಕಾಲಧರ್ಮವೆಂದು ಇದನ್ನು ತಳ್ಳಿಹಾಕಲು ನಮಗೆ ಮನಸ್ಸಾಗದು. ಆ ಕಾಲದಲ್ಲೇ ಗುಲಾಮಗಿರಿಯನ್ನು ಧಿಕ್ಕರಿಸಿದವರು ಇದ್ದರು. ಲಂಡನ್ನಿನಲ್ಲಿ ಪ್ರತಿನಿಧಿಯಾಗಿದ್ದ ಸ್ಮಿತ್ ಅವರ ವಾದವನ್ನು ಅರಿಯದವನಲ್ಲ.

ಯುದ್ಧ ಸೋತ ಮೇಲೆ, 1876ರಲ್ಲಿ, ಕರಿಯ ಯುವಕರಿಗಾಗಿ ಕಾಲೇಜೊಂದನ್ನು ಕಟ್ಟುವ ಆಯೋಗಕ್ಕೆ ಸರ್ಕಾರ ಇದೇ ಸ್ಮಿತ್‌ನನ್ನು ನೇಮಿಸಿತು. ಆಲ್ಟಾ ವಿಸ್ಟಾ ಎಂಬ ಹಳೆಯ ತೋಟದ ನೆಲದಲ್ಲಿ 1878ರಲ್ಲಿ ಎಂಟು ವಿದ್ಯಾರ್ಥಿಗಳೊಡನೆ ಅದು ತೆರೆಯಿತು. ಗುಲಾಮರು ದುಡಿದ ಮಣ್ಣಿನಲ್ಲಿ ಅವರ ಮಕ್ಕಳು ಪುಸ್ತಕ ಹಿಡಿದರು. ಅದೇ ಪ್ರೈರಿ ವ್ಯೂ.

1881ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷನಾಗಿ ಮುದಿ ವೈದ್ಯ ಆಸ್ಟಿನ್ನಿಗೆ ಹೊರಟನು. ಮರುವರ್ಷದ ಶಂಕುಸ್ಥಾಪನೆಯಲ್ಲಿ ಭಾಷಣ ಮಾಡಿದನು. ಆ ವಿಶ್ವವಿದ್ಯಾಲಯ ಬಿಳಿಯರಿಗಷ್ಟೇ ಮೀಸಲಾಗಿತ್ತು. ಹ್ಯೂಸ್ಟನ್ನಿನ ಅಂಚೆಯವನೊಬ್ಬ, ಹೆಮನ್ ಸ್ವೆಟ್, ನ್ಯಾಯಾಲಯದ ಮೆಟ್ಟಿಲೇರಿ 1950ರಲ್ಲಿ ಅಲ್ಲಿಯ ಕಾನೂನು ಶಾಲೆಯ ಬಾಗಿಲು ತೆರೆಸಿದನು. ನಮ್ಮ ಮಕ್ಕಳು ಇಂದು ಅಲ್ಲಿ ನಿರಾತಂಕವಾಗಿ ಓದುತ್ತಿರುವುದಕ್ಕೆ ಸ್ಮಿತ್‌ನಷ್ಟೇ ಸ್ವೆಟ್‌ನೂ ಕಾರಣ.

ಮದುವೆಯಾಗದೆ ಉಳಿದ ಸ್ಮಿತ್ 1886ರ ಜನವರಿ 21ರಂದು ಎವರ್‌ಗ್ರೀನ್‌ನಲ್ಲಿ ತೀರಿಕೊಂಡನು. ಸಮಾಧಿ ಆಸ್ಟಿನ್ನಿನ ರಾಜ್ಯ ಸ್ಮಶಾನದಲ್ಲಿದೆ. ಹಳದಿ ಜ್ವರದೊಡನೆ ಸೆಣಸಿದ ಗ್ಯಾಲ್ವೆಸ್ಟನ್ನಿನಲ್ಲಿ ವೈದ್ಯಕೀಯ ಕಾಲೇಜಿನ ಹಳೆಯ ಕೆಂಪು ಕಟ್ಟಡಕ್ಕೆ ಆತನ ಹೆಸರಿದೆ. ಕಡಲತೀರಕ್ಕೆ ಹೋಗುವ ಕುಟುಂಬಗಳು ಅದನ್ನು ನೋಡಿಬರಬಹುದು.