ಗಡಿನಾಡಿನ ಭಾಷೆಗಳು ಮತ್ತು ವಿಕಿಯ ಅಳತೆಗೋಲು

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಮಕ್ತಲ್, ನಾರಾಯಣಪೇಟೆಗಳು ಅದಕ್ಕೂ ಮೊದಲೇ ಆ ಜಿಲ್ಲೆಯಲ್ಲಿದ್ದವು. ತೆಲಂಗಾಣ ರಚನೆಯಾದ ಬಳಿಕ 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತಿದ್ದರೂ ಈ ಸೀಮೆಯಲ್ಲಿ ತೆಲುಗು, ಕನ್ನಡ, ಉರ್ದುಗಳೂ ತಾಂಡಾಗಳ ಲಂಬಾಣಿಯೂ ಜೊತೆಯಾಗಿಯೇ ಬಾಳಿವೆ. ಸ್ವಯಂಸೇವಕರು ಕಟ್ಟುವ ವಿಕಿ ಯೋಜನೆಗಳ ಪ್ರಗತಿಯನ್ನು ಪರಾಮರ್ಶಿಸಲು ಇಂತಹ ಪ್ರದೇಶ ತಕ್ಕ ಒರೆಗಲ್ಲು.

ಕನ್ನಡ, ತೆಲುಗು ವಿಕಿಪೀಡಿಯಗಳು 2003ರಲ್ಲಿಯೇ ಆರಂಭವಾದವು. 2006ರಲ್ಲಿ ವಿಕಿಮೀಡಿಯ ಇನ್‌ಕ್ಯುಬೇಟರ್ ಬಂದ ಮೇಲೆ ಹೊಸ ಭಾಷೆಯ ಹಾದಿ ದೀರ್ಘವಾಯಿತು. ಭಾಷೆಗೆ ಅಂತರರಾಷ್ಟ್ರೀಯ ಸಂಕೇತವಿರಬೇಕು, ತಾಣದ ಮೂಲ ಸಂದೇಶಗಳು ಅನುವಾದವಾಗಬೇಕು, ಸಂಪಾದಕರ ಚಿಕ್ಕ ಗುಂಪೊಂದು ತಿಂಗಳುಗಟ್ಟಲೆ ಎಡೆಬಿಡದೆ ಬರೆಯಬೇಕು. 2008ರಲ್ಲಿ ಇನ್‌ಕ್ಯುಬೇಟರ್ ಸೇರಿದ ತುಳು ಸ್ವತಂತ್ರ ವಿಕಿಪೀಡಿಯವಾದದ್ದು 2016ರಲ್ಲಿ. ಕೊಂಕಣಿಗೆ ಆ ಸ್ಥಾನ 2015ರಲ್ಲಿ ದೊರೆಯಿತು.

ತುಳುವಿನ ಯಶಸ್ಸಿಗೆ ಸಂಪಾದಕರ ಶ್ರಮವೊಂದೇ ಕಾರಣವಲ್ಲ. ಉಡುಪಿಯಿಂದ 1988 ಮತ್ತು 1997ರ ನಡುವೆ ಪ್ರಕಟವಾದ ಆರು ಸಂಪುಟಗಳ ತುಳು ನಿಘಂಟು, ಸಾಹಿತ್ಯ ಅಕಾಡೆಮಿ ಹಾಗೂ ಕನ್ನಡ ಲಿಪಿಯ ಮುದ್ರಣ ಪರಂಪರೆ ಬೆನ್ನಿಗಿದ್ದವು. ವಿಕಿಪೀಡಿಯ ಪ್ರಕಟಿತ ಆಧಾರವನ್ನು ಕೇಳುತ್ತದೆ. ಮುದ್ರಣವಿಲ್ಲದ ಕಡೆ ಉತ್ಸಾಹವೂ ಬಹುಕಾಲ ನಿಲ್ಲಲಾರದು.

ಈ ಮಾತು ಗಡಿನಾಡಿಗೆ ಎರಡು ಬಗೆಯಲ್ಲಿ ಅನ್ವಯಿಸುತ್ತದೆ. ಮಕ್ತಲ್ ಸೀಮೆಯ ಕನ್ನಡಕ್ಕೆ ಹೊಸ ತಾಣ ಬೇಕಿಲ್ಲ. ಆದರೆ ಇಲ್ಲಿನ ಊರುಗಳ ಚರಿತ್ರೆ ಕನ್ನಡದಲ್ಲಿ ಅಚ್ಚಾಗದಿದ್ದರೆ ಕನ್ನಡ ವಿಕಿಪೀಡಿಯದಲ್ಲಿಯೂ ಅವು ಕೇವಲ ಹೆಸರುಗಳಾಗಿ ಉಳಿಯುತ್ತವೆ. ಲಂಬಾಣಿಯ ಸಮಸ್ಯೆ ಇನ್ನೂ ಜಟಿಲ: ಅದನ್ನು ತೆಲಂಗಾಣದಲ್ಲಿ ತೆಲುಗು, ಕರ್ನಾಟಕದಲ್ಲಿ ಕನ್ನಡ, ಮಹಾರಾಷ್ಟ್ರದಲ್ಲಿ ದೇವನಾಗರಿ ಲಿಪಿಯಲ್ಲಿ ಬರೆಯುತ್ತಾರೆ. ದೇವನಾಗರಿ, ರೋಮನ್, ಕನ್ನಡ ಲಿಪಿಗಳ ಬರಹಗಳಿಗೆ ಒಂದೇ ತಾಣದಲ್ಲಿ ಎಡೆಕೊಟ್ಟ ಕೊಂಕಣಿ ಈ ವಿಷಯದಲ್ಲಿ ಮಾದರಿಯಾಗಬಲ್ಲದು.

ಆದ್ದರಿಂದ ಲೇಖನಗಳ ಸಂಖ್ಯೆಯನ್ನಷ್ಟೇ ಪ್ರಗತಿಯ ಅಳತೆಗೋಲಾಗಿಸುವುದು ಸಾಲದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು ವಿಕಿಸೋರ್ಸ್‌ಗೆ, ಒಪ್ಪಿಗೆ ಪಡೆದ ಧ್ವನಿಮುದ್ರಣಗಳು ವಿಕಿಮೀಡಿಯ ಕಾಮನ್ಸ್‌ಗೆ ಸೇರುತ್ತಿವೆಯೇ ಎಂಬುದನ್ನೂ ನೋಡಬೇಕು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಬೆಸೆಯುವ ಗದ್ವಾಲ ಸೀರೆಯ ನೇಯ್ಗೆಯ ಪದಗಳನ್ನು ನೇಕಾರರಿಂದಲೇ ಕೇಳಿ ದಾಖಲಿಸಿ, ವಿದ್ವತ್ ಸಂಸ್ಥೆಗಳು ಪ್ರಕಟಿಸಿದರೆ ವಿಕಿಯ ಲೇಖಕರಿಗೆ ಆಧಾರ ಒದಗುತ್ತದೆ. ಆ ಹೊಣೆಯನ್ನು ಸ್ವಯಂಸೇವಕರ ಮೇಲಷ್ಟೇ ಹೊರಿಸಿ ಲೇಖನಗಳನ್ನು ಎಣಿಸುತ್ತ ಕೂರುವುದು ನ್ಯಾಯವಲ್ಲ.